ಮೇಷ್ಟ್ರ ದೀಪ

ಆಮೆಯ ತೊಟ್ಟಿಯ ಮೇಲಿನ ದೀಪ ಉರಿಯುತ್ತಿತ್ತು. ಆದರೆ ಅದರ ತಗಡಿನ ಟೊಪ್ಪಿಯನ್ನು ಬೆರಳ ತುದಿಯಿಂದ ಮುಟ್ಟಿದರೆ ಬರೀ ಉಗುರುಬೆಚ್ಚಗಿತ್ತು. ಅವಳು ಇನ್ನೊಮ್ಮೆ ಮುಟ್ಟಿದಳು, ಈ ಸಲ ಅಂಗೈಯನ್ನೇ ಇಟ್ಟು. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ತಾನೇ ಕೈಯಾರೆ ಹಾಕಿ ಹೋದ ದೀಪ. ಅಲ್ಲಿಂದ ಇಲ್ಲಿಯವರೆಗೆ ಉರಿದಿದ್ದರೆ ಇಷ್ಟು ಹೊತ್ತಿಗೆ ಚರ್ಮ ಸುಟ್ಟು ಬೊಬ್ಬೆ ಏಳಬೇಕಿತ್ತು. ನಡುವೆ ಯಾರೋ ಆರಿಸಿದ್ದಾರೆ. ಸ್ವಲ್ಪ ಹೊತ್ತಿನ ಹಿಂದಷ್ಟೇ ಮತ್ತೆ ಹಾಕಿದ್ದಾರೆ.

"ಏನ್ ಮಾಡ್ತಿದೀರಾ?"

ಬಾಗಿಲಲ್ಲಿ ಗಂಡನ ಮಗಳು ನಿಂತಿದ್ದಳು. ಶಾಲೆಯ ಬಟ್ಟೆ ಇನ್ನೂ ಬದಲಿಸಿರಲಿಲ್ಲ. ಕೈಯಲ್ಲಿ ಅರ್ಧ ಕುಡಿದ ನೀರಿನ ಲೋಟವಿತ್ತು.

"ಬಿಸಿ ಇದೆಯಾ ಅಂತ ನೋಡ್ತಿದ್ದೆ."

"ಉರೀತಿದೆಯಲ್ಲ, ಕಾಣ್ತಿಲ್ವಾ?"

ಹುಡುಗಿ ಬಂದು ತೊಟ್ಟಿಗೂ ಅವಳಿಗೂ ನಡುವೆ ನಿಂತುಕೊಂಡಳು. ಗಾಜಿನ ತೊಟ್ಟಿಯೊಳಗೆ ಆಮೆ ಕಲ್ಲು ಹತ್ತಿರಲಿಲ್ಲ. ನೀರಿನ ಮೂಲೆಯಲ್ಲಿ ತಲೆ ಒಳಗೆಳೆದುಕೊಂಡು ಬಿದ್ದಿತ್ತು. ಬೆಳಿಗ್ಗೆ ಹಾಕಿದ ಸೊಪ್ಪು ಹಾಗೆಯೇ ತೇಲುತ್ತಿತ್ತು. ಎರಡೂ ಕಣ್ಣು ಊದಿ ಮುಚ್ಚಿಕೊಂಡು ಹಲವು ದಿನಗಳಾಗಿದ್ದವು.

ಅದರ ಹೆಸರು ಮೇಷ್ಟ್ರು. ಹುಡುಗಿಯ ತಾಯಿ ಇಟ್ಟದ್ದು. ಕತ್ತು ಉದ್ದ ಮಾಡಿ, ಕನ್ನಡಕದ ಮೇಲಿಂದ ದಡ್ಡ ಮಕ್ಕಳನ್ನು ನೋಡುವ ಹಾಗೆ ನೋಡುತ್ತದೆ ಎಂದು. ಆಕೆ ಕಾಯಿಲೆ ಬಿದ್ದ ಮೇಲೆ ತರಿಸಿಕೊಂಡ ಆಮೆ ಅದು. ಆಕೆ ಹೋದಳು, ಆಮೆ ಉಳಿಯಿತು. ಅವಳು ಮದುವೆಯಾಗಿ ಈ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ; ಅವಳು ಬಂದ ಮೇಲೆಯೇ ಆಮೆ ಸೊರಗತೊಡಗಿದ್ದು ಎಂಬುದನ್ನು ಹುಡುಗಿ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ. ಹುಡುಗಿ ಅವಳನ್ನು ಅಮ್ಮ ಎನ್ನುತ್ತಿರಲಿಲ್ಲ, ಚಿಕ್ಕಮ್ಮ ಎನ್ನುತ್ತಿರಲಿಲ್ಲ, ಆಂಟಿ ಎಂದೂ ಎನ್ನುತ್ತಿರಲಿಲ್ಲ. ಏನೂ ಅನ್ನದೆ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದಳು.

ಗಂಡ ಮಾತ್ರ ದಿನಾ ಮನೆಗೆ ಬಂದವನೇ ವಿಚಾರಿಸುತ್ತಿದ್ದ. "ಹೇಗಿದಾರೆ ಮೇಷ್ಟ್ರು? ಏನಾದ್ರೂ ತಿಂದ್ರಾ?" ಲಿಫ್ಟ್ ರಿಪೇರಿಯವನು. ಯಾವ ಕಟ್ಟಡದಲ್ಲಿ ಯಾರು ಸಿಕ್ಕಿಹಾಕಿಕೊಂಡರೂ ಓಡಬೇಕು. ಹಗಲಲ್ಲಿ ಅವನು ಎಲ್ಲಿರುತ್ತಾನೆಂದು ಅವನಿಗೇ ಗೊತ್ತಿರುತ್ತಿರಲಿಲ್ಲ.

ಶನಿವಾರ ಅವಳೂ ಹುಡುಗಿಯೂ ಆಮೆಯನ್ನು ಪ್ರಾಣಿಗಳ ಡಾಕ್ಟರ ಬಳಿ ಒಯ್ದರು. ಡಾಕ್ಟರಮ್ಮ ಅದನ್ನು ಅಂಗಾತ ಮಾಡಿ, ಚಿಪ್ಪಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿದರು. ಅಂಚು ಸ್ವಲ್ಪ ಬಗ್ಗಿತು.

"ಮೆತ್ತಗಾಗ್ಬಿಟ್ಟಿದೆ ನೋಡಿ. ಇದಕ್ಕೆ ಊಟಕ್ಕಿಂತ ಮೊದಲು ಬಿಸಿ ಬೇಕು. ಮೈ ಕಾಯಿಸಿಕೊಳ್ಳದೆ ಹೋದ್ರೆ ತಿಂದಿದ್ದೂ ಅರಗಲ್ಲ. ದೀಪ ದಿನಾ ಹಾಕ್ತೀರಾ?"

"ನಾನಂತೂ ಹಾಕ್ತೀನಿ" ಎಂದಳು ಹುಡುಗಿ.

ಡಾಕ್ಟರಮ್ಮ ಹುಡುಗಿಯಿಂದ ಕಣ್ಣು ತೆಗೆದು ಅವಳ ಮುಖ ನೋಡಿದರು. ಅವಳು ಕೈಚೀಲದ ಜಿಪ್ ಎಳೆದಳು, ಬಿಟ್ಟಳು. ಕಣ್ಣಿಗೆ ಹಾಕುವ ಔಷಧಿ ಬರೆದುಕೊಟ್ಟು, ಇನ್ನೂ ತಡ ಮಾಡಿದ್ದರೆ ಉಳಿಯುತ್ತಿರಲಿಲ್ಲ ಎಂದು ಅವರು ಹೇಳಿದ್ದು ಇಬ್ಬರಿಗೂ ಸೇರಿಸಿಯೇ. ಕೇಳಿಸಿಕೊಂಡಿದ್ದು ಮಾತ್ರ ಬೇರೆ ಬೇರೆ. ಬಸ್ಸಿನಲ್ಲಿ ಹುಡುಗಿ ಆಮೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಪೂರ್ತಿ ಕಿಟಕಿಯ ಕಡೆ ತಿರುಗಿ ಕೂತಳು. ಕಳ್ಳರಿಂದ ಕಾಪಾಡುವವಳ ಹಾಗೆ ಎರಡೂ ಕೈ ಸುತ್ತಿಕೊಂಡಿದ್ದಳು.

ನಾನಂತೂ ಎಂದರೇನು? ಸೋಮವಾರ ಕೆಲಸದಲ್ಲೂ ಆ ಮಾತು ಅವಳ ತಲೆ ಕೊರೆಯಿತು. ಅವಳು ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಕೂರಿಸುವವಳು. ಅಂಚು ಉಜ್ಜುವುದು, ಫ್ರೇಮನ್ನು ಬಿಸಿ ಮಾಡಿ ಬಾಗಿಸುವುದು, ಗಿರಾಕಿಯ ಕಿವಿಯ ಹಿಂದೆ ಕೈ ಹಾಕಿ ಎಲ್ಲಿ ಒತ್ತುತ್ತದೆ ಎಂದು ನೋಡುವುದು. ಎಂದೂ ತಪ್ಪದ ಕೈ ಅವತ್ತು ಒಂದು ಲೆನ್ಸನ್ನು ಉಲ್ಟಾ ಕೂರಿಸಿತು. ಮನೆಯಿಂದ ಕೊನೆಗೆ ಹೊರಡುವವಳು ಹುಡುಗಿ. ಮೊದಲು ಬರುವವಳೂ ಅವಳೇ. ಹೋಗುವಾಗ ಆರಿಸಿ, ಬಂದ ಕೂಡಲೇ ಹಾಕುತ್ತಿರಬಹುದಲ್ಲ? ಆಮೆ ಸತ್ತರೆ ಬೆರಳು ಯಾರ ಕಡೆ ಹೋಗುತ್ತದೆಂದು ಹುಡುಗಿಗೆ ಗೊತ್ತಿಲ್ಲವೇ? ತಾಯಿಯ ಆಮೆಯನ್ನು ಮಗಳು ಹಾಗೆ ಮಾಡಿಯಾಳೇ ಎಂದು ಒಂದು ಮನಸ್ಸು ಹೇಳಿದರೆ, ಹದಿಮೂರರ ಹುಡುಗಿಯರ ಹೊಟ್ಟೆಯಲ್ಲಿ ಏನಿರುತ್ತದೋ ಯಾರು ಕಂಡರು ಎಂದು ಇನ್ನೊಂದು. ತಾನು ಒಂದು ಮಗುವಿನ ಮೇಲೆ ಹೀಗೆ ಕಣ್ಣಿಟ್ಟಿದ್ದೇನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಆದರೂ ಅನುಮಾನ ಹೋಗಲಿಲ್ಲ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಮನೆಗೆ ಹೋದಳು. ಹುಡುಗಿ ಶಾಲೆಯಲ್ಲಿರುವ ಹೊತ್ತು. ದೀಪ ಆರಿದ್ದರೆ ಲೆಕ್ಕ ಸಿಕ್ಕಂತೆಯೇ.

ಬಾಗಿಲ ಬಳಿ ಗಂಡನ ಸಾಮಾನಿನ ಚೀಲ ಇತ್ತು.

ಒಳಗೆ ಪರದೆ ಎಳೆದಿತ್ತು. ದೀಪ ಆರಿತ್ತು. ಆ ಮಬ್ಬಿನಲ್ಲಿ ಗಂಡ ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು, ಮೊಣಕಾಲ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದ. ಅವಳನ್ನು ಕಂಡು ಧಡಕ್ಕನೆ ಎದ್ದ.

"ಊಟಕ್ಕೆ ಬಂದೆ" ಎಂದ.

ಅಡುಗೆಮನೆಯಲ್ಲಿ ಪಾತ್ರೆಗಳು ಮುಚ್ಚಿದ್ದು ಮುಚ್ಚಿದಂತೆಯೇ ಇದ್ದವು.

"ದೀಪ ಯಾಕ್ರೀ ಆರಿದೆ?"

"ಕರೆಂಟು..."

ತೊಟ್ಟಿಯ ನೀರು ಶುದ್ಧ ಮಾಡುವ ಪಂಪು ಗೊರಗೊರ ಎನ್ನುತ್ತಲೇ ಇತ್ತು. ಅವನಿಗೂ ಅದು ಕೇಳಿಸಿತು. ಮತ್ತೆ ಕೂತ.

"ದಿನಾ ಆರಿಸ್ತೀರಾ?"

"ಅವಳು ಶಾಲೆಯಿಂದ ಬರೋ ಹೊತ್ತಿಗೆ ಹಾಕ್ಬಿಡ್ತೀನಿ."

ಅವಳು ಪರದೆ ಸರಿಸಿದಳು. ಗೋಡೆಗೆ ಒರಗಿದಳು. "ಯಾಕೆ?"

ಅವನು ಹೆಬ್ಬೆರಳಿನ ಉಗುರಿನೊಳಗಿನ ಗ್ರೀಸನ್ನು ಇನ್ನೊಂದು ಉಗುರಿನಿಂದ ಕೆರೆಯತೊಡಗಿದ. "ಕೊನೆ ಕೊನೆಗೆ ಅವಳಮ್ಮ ನನ್ನ ಹತ್ರ ಮಾತು ಬಿಟ್ಟಿದ್ಲು. ಈ ರೂಮಿನ ಬಾಗ್ಲು ಹಾಕ್ಕೊಂಡು ಇದರ ಮುಂದೆ ಕೂತ್ರೆ ಗಂಟೆಗಟ್ಟಲೆ ಮಾತು. ನಾನು ಆಚೆ ನಿಂತು ಕೇಳಿಸ್ಕೊಳೋಕೆ ನೋಡ್ತಿದ್ದೆ. ಬರೀ ಪಿಸುಪಿಸು. ಒಳಗೆ ಬಂದ್ರೆ ನಿಲ್ಲಿಸ್ಬಿಡೋಳು. ಇಬ್ರೂ ನನ್ನೇ ನೋಡೋರು."

"ಇಬ್ರೂ?"

"ಹೂಂ. ಇದಕ್ಕೆಲ್ಲಾ ಗೊತ್ತು. ದೀಪ ಉರಿದ್ರೆ ಆ ಕಲ್ಲು ಹತ್ತಿ ಕೂತು, ಕತ್ತು ಎತ್ತಿ ನನ್ನೇ... ಇನ್ನೂ ಮೂವತ್ತು ವರ್ಷ ಬದುಕುತ್ತಂತೆ, ಗೊತ್ತಾ? ನಾನು ಹೋದ ಮೇಲೂ ಇರುತ್ತೆ."

ಕಣ್ಣು ಮುಚ್ಚಿಹೋದ, ಅಂಗೈಯಗಲದ ಪ್ರಾಣಿ ಮೂಲೆಯಲ್ಲಿ ಬಿದ್ದಿತ್ತು. ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ.

"ಅವರು ಇದರ ಹತ್ರ ನಿಮ್ಮ ಬಗ್ಗೆ ಏನು ಹೇಳಿರ್ತಾರೆ ಅಂತ ಭಯ ನಿಮಗೆ?"

"ಏನೂ ಇಲ್ಲ" ಎಂದ. ತೀರಾ ಬೇಗ ಹೇಳಿದ.

"ಮಗಳು ನನ್ನ ಮೇಲೆ ಅನುಮಾನ ಪಡ್ತಿದಾಳೆ. ನಿಮಗೆ ಗೊತ್ತಿತ್ತಾ?"

ಉಗುರು ಕೆರೆಯುವ ಸದ್ದು ನಿಂತಿತು. "ಅವಳಿಗೆ ಹೇಳ್ಬೇಡ" ಎಂದ ಅವನು.

ಗೊತ್ತಿತ್ತು ಎಂದು ಅವನು ಹೇಳಬೇಕಾದ ಅಗತ್ಯವೇ ಉಳಿಯಲಿಲ್ಲ. ಅವಳು ಅಡುಗೆಮನೆಯಿಂದ ಅಗಲ ಬಾಯಿಯ ಟಬ್ಬು ತಂದಳು, ಕಲ್ಲನ್ನಿಟ್ಟಳು, ಆಮೆಯನ್ನು ಎತ್ತಿಟ್ಟಳು. ದೀಪದ ಸ್ಕ್ರೂ ಬಿಚ್ಚಲು ಬೆರಳು ಸಾಲಲಿಲ್ಲ. ಗಂಡ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಕೊಟ್ಟ. ಆಟೋ ಹಿಡಿದು ಅಂಗಡಿಗೆ ಬಂದಳು.

"ಓಹೋ, ಹೊಸ ಗಿರಾಕಿ! ಪವರ್ ಎಷ್ಟಂತೆ?" ಎಂದರು ಯಜಮಾನರು. ಅವಳ ಮುಖ ನೋಡಿ ನಗು ನುಂಗಿಕೊಂಡು, ಕೆಲಸದ ಮೇಜಿನ ಪಕ್ಕ ಜಾಗ ಮಾಡಿಕೊಟ್ಟರು.

ಸಂಜೆ ಹುಡುಗಿ ಏದುಸಿರು ಬಿಡುತ್ತಾ ಅಂಗಡಿಗೆ ನುಗ್ಗಿದಳು. ಕಣ್ಣು ಕೆಂಪಗಿದ್ದವು. ಕನ್ನಡಿಯ ಮುಂದೆ ಫ್ರೇಮು ಹಾಕಿ ನೋಡುತ್ತಿದ್ದ ಮುದುಕರೊಬ್ಬರು ಗಾಬರಿಯಾಗಿ ತಿರುಗಿದರು.

"ಎಲ್ಲಿ ಬಿಸಾಕಿದ್ರಿ ಅದನ್ನ?"

ಅವಳು ಮೇಜಿನ ಪಕ್ಕ ತೋರಿಸಿದಳು. ದೀಪದ ಕೆಳಗೆ, ಕಲ್ಲಿನ ಮೇಲೆ, ಮೇಷ್ಟ್ರು ಹಿಂಗಾಲು ಚಾಚಿಕೊಂಡಿದ್ದರು. ಹುಡುಗಿ ಕುಕ್ಕರಗಾಲಲ್ಲಿ ಕೂತು ತುಂಬ ಹೊತ್ತು ನೋಡಿದಳು. ಆಮೇಲೆ ಎದ್ದು, "ಇಲ್ಲಿಗ್ಯಾಕೆ ತಂದ್ರಿ?" ಎಂದಳು.

"ಮನೇಲಿ ದೀಪ ಆರ್ತಿತ್ತು."

"ಯಾರು ಆರಿಸ್ತಿದ್ರು?"

ಒಂದೇ ಪದ. ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಆ ಕ್ಷಣಕ್ಕೆ ಅವಳ ಹೆಗಲು ಹಗುರಾಗುತ್ತಿತ್ತು. ಆದರೆ ಈ ಹುಡುಗಿಗೆ ಇನ್ನು ಉಳಿದಿರುವುದು ಅಪ್ಪ ಒಬ್ಬನೇ.

"ಇಲ್ಲಿ ಯಾರೂ ಆರಿಸಲ್ಲ. ನಂಬಿಕೆ ಇಲ್ದಿದ್ರೆ ನೀನೇ ಬಂದು ಕಾಯಿ."

"ಬರ್ತೀನಿ. ದಿನಾ ಬರ್ತೀನಿ" ಎಂದಳು ಹುಡುಗಿ, ಹೆದರಿಸುವವಳಂತೆ.

ಬಂದಳು. ಶಾಲೆ ಬಿಟ್ಟೊಡನೆ ಬಂದು ಟಬ್ಬಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಅವಳು ಆಮೆಯ ಕಣ್ಣಿಗೆ ಔಷಧಿ ಹಾಕುವಾಗ ಹುಡುಗಿ ಹನಿಹನಿಯನ್ನೂ ಗಮನಿಸುತ್ತಿದ್ದಳು. ಮೊದಲು ಸೀಸೆ ಮೂಸಿ ನೋಡಿ ಕೊಡುತ್ತಿದ್ದಳು. ಮನೆಯಲ್ಲಿ ಈಗ ಗಂಡ ಮೇಷ್ಟ್ರ ಸುದ್ದಿ ಎತ್ತುತ್ತಿರಲಿಲ್ಲ. ಚೆನ್ನಾಗಿ ಊಟ ಮಾಡುತ್ತಿದ್ದ, ಮಗಳ ಪಾಠ ವಿಚಾರಿಸುತ್ತಿದ್ದ. ಅವನು ಫೋನು ಹಿಡಿದು ಬಾಲ್ಕನಿಗೆ ಹೋದಾಗ ಮಾತ್ರ ಅವಳ ಕೈ ಇದ್ದಲ್ಲೇ ನಿಲ್ಲುತ್ತಿತ್ತು. ಸತ್ತುಹೋದ ಆ ಹೆಂಗಸು ಬಾಗಿಲು ಹಾಕಿಕೊಂಡು ಆಮೆಗೆ ಏನು ಹೇಳುತ್ತಿದ್ದಳು? ಲಿಫ್ಟ್ ಕೆಟ್ಟಿದೆ ಎಂದು ಯಾರೋ ಕರೆದಿರುತ್ತಾರೆ, ಅಷ್ಟೇ. ಆದರೂ ಅವಳು ನಲ್ಲಿ ನಿಲ್ಲಿಸಿ ಕಿವಿಗೊಡುತ್ತಿದ್ದಳು.

ವಾರಗಳು ಕಳೆದವು. ಒಂದು ಸಂಜೆ ಆಮೆಯ ಎಡಗಣ್ಣು ಸೀಳಿನಷ್ಟು ತೆರೆದಿತ್ತು. ಹುಡುಗಿ ಚಿಮಟದ ತುದಿಯಲ್ಲಿ ಸೊಪ್ಪಿನ ಚೂರು ಹಿಡಿದು ಅದರ ಮೂಗಿನ ಮುಂದೆ ಆಡಿಸಿದಳು. ಕತ್ತು ನಿಧಾನವಾಗಿ ಚಾಚಿತು, ತಡೆಯಿತು, ಆಮೇಲೆ ಗಬಕ್ಕನೆ ಕಚ್ಚಿತು.

ಹುಡುಗಿ ನಗಲಿಲ್ಲ. ಇನ್ನೊಂದು ಚೂರು ಕೊಟ್ಟಳು. ಅದೂ ಹೋಯಿತು.

"ನೀವಲ್ಲ" ಎಂದಳು, ಆಮೆಯಿಂದ ಕಣ್ಣು ಕೀಳದೆ. "ನಾನೂ ಅಲ್ಲ."

ಅವಳು ಫ್ರೇಮಿನ ಪುಟ್ಟ ಸ್ಕ್ರೂವನ್ನು ಬಿಗಿ ಮಾಡುತ್ತಲೇ ಇದ್ದಳು. ಅದು ಆಗಲೇ ಬಿಗಿಯಾಗಿತ್ತು.

ಹೊರಗೆ ರಸ್ತೆಯಾಚೆ ಗಂಡ ಬರುವುದು ಕಾಣಿಸಿತು. ಆ ದಿನ ಕೆಲಸ ಬೇಗ ಮುಗಿದಿರಬೇಕು; ಹೆಗಲಲ್ಲಿ ಚೀಲ ಹಾಕಿಕೊಂಡು ವಾಹನಗಳ ನಡುವೆ ದಾರಿ ನೋಡಿಕೊಂಡು ದಾಟಿದ. ಅಂಗಡಿಯ ಗಾಜಿನ ಬಾಗಿಲ ಹೊರಗೆ ನಿಂತು ಒಳಗೆ ಇಣುಕಿ ಕೈಯೆತ್ತಿದ.

ಹುಡುಗಿಯೂ ಕೈಯೆತ್ತಿದಳು. ಆಮೇಲೆ ಚಿಮಟವನ್ನು ಮೇಜಿನ ಮೇಲಿಟ್ಟು, ಸ್ಟೂಲನ್ನು ಸದ್ದಾಗದಂತೆ ಗೋಡೆಯ ಕಡೆಗೆ ಸರಿಸಿ, ದೀಪದ ಸ್ವಿಚ್ಚು ಮರೆಯಾಗುವಂತೆ ಬೆನ್ನು ಕೊಟ್ಟು ಕೂತಳು.