ಗಂಗಾಧರಯ್ಯನವರು ನೋಡದೆ ಎಳೆದ ಗೆರೆ

ಗಂಗಾಧರಯ್ಯನವರ ಜೊತೆ ನಡೆಯುವಾಗ ಮಾತಾಡಬಾರದಿತ್ತು. ಮಾತಾಡಿದರೆ ಎಣಿಕೆ ತಪ್ಪುತ್ತಿತ್ತು. ತಪ್ಪಿದರೆ ಅವರು ಸಿಟ್ಟಾಗದೆ ಹಿಂದಿನ ಲೈಟ್ ಕಂಬದವರೆಗೆ ವಾಪಸ್ಸು ಹೋಗಿ ಅದನ್ನು ಎಡಗೈಯಲ್ಲಿ ಮುಟ್ಟಿ ಮತ್ತೆ ಹೆಜ್ಜೆ ಎಣಿಸುತ್ತ ಬರುತ್ತಿದ್ದರು. ಎರಡೂವರೆ ಅಡಿಗೊಂದು ಹೆಜ್ಜೆ, ಏರಿನಲ್ಲೂ ಇಳಿಜಾರಿನಲ್ಲೂ ಅಷ್ಟೇ. ಹಾಸನದ ಬಸ್‌ಸ್ಟ್ಯಾಂಡಿನಿಂದ ನಮ್ಮ ಆಫೀಸಿಗೆ ಎಂಟುನೂರ ಹನ್ನೆರಡು ಹೆಜ್ಜೆ ಎಂದು ನನಗೆ ತಿಳಿದದ್ದು ಅವರಿಂದ. ದಾರಿಯಲ್ಲಿ ನಾನು ಎರಡು ಸಲ ಕಾಫಿಯ ಪ್ರಸ್ತಾಪ ಎತ್ತಿದ್ದರಿಂದ ಆ ದಿನ ಇಬ್ಬರೂ ಸಾವಿರದ ಮುನ್ನೂರು ನಡೆದೆವು. ಕಾಫಿ ಸಿಗಲಿಲ್ಲ.

ಅದು ಎರಡು ಸಾವಿರದ ನಾಲ್ಕನೆಯ ಇಸವಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕೂ ಊರಿನ ಕಚೇರಿಯವರು ತಂತಮ್ಮ ಬೀರುಗಳಲ್ಲಿ ಸುರುಳಿ ಸುತ್ತಿಟ್ಟ ನಕ್ಷೆಗಳನ್ನು ತಂದುಕೊಟ್ಟರೆ, ಅವನ್ನು ಕಂಪ್ಯೂಟರಿಗೆ ಏರಿಸಿ, ಅಂಚಿಗೆ ಅಂಚು ಹೊಂದಿಸಿ, ಎಲ್ಲರದ್ದನ್ನೂ ಎಲ್ಲರಿಗೂ, ಜೊತೆಗೆ ನೀರಿನವರಿಗೂ ಕರೆಂಟಿನವರಿಗೂ ನಾಲೆಯವರಿಗೂ ಸಿ.ಡಿ.ಯಲ್ಲಿ ಹಂಚುವ ಪುಣ್ಯಕಾರ್ಯ ನಮ್ಮ ನಕ್ಷಾ ಘಟಕದ್ದು. ನಾನಲ್ಲಿ ಗುತ್ತಿಗೆಯ ನೌಕರ. ಕಾಲಿಟ್ಟೇ ಇರದ ಊರುಗಳ ಬೀದಿಗಳನ್ನು ಕುರ್ಚಿ ಬಿಟ್ಟೇಳದೆ ಎಳೆಯಬಲ್ಲೆನೆಂಬ ಹೆಮ್ಮೆ ನನಗಿತ್ತು. ಆ ಹೆಮ್ಮೆಯ ಮೊದಲ ಫಲವಾಗಿ ಅರಕಲಗೂಡಿನ ಬಸ್ ನಿಲ್ದಾಣ ಕೆರೆಯ ನಡುವೆ ಹೋಗಿ ಕೂತಿತು.

ಹಳೆಯ ಹಾಳೆಗಳನ್ನು ತಾಳೆ ನೋಡಲೆಂದು ಕರೆಸಿಕೊಂಡಿದ್ದ ನಿವೃತ್ತ ಸರ್ವೆಯರ್ ಗಂಗಾಧರಯ್ಯನವರು ಪರದೆಗೆ ಮೂಗು ತಾಗಿಸಿ ನೋಡಿದರು.

"ಅರಕಲಗೂಡಿನೋರು ಬಸ್ಸಿಗೆ ಈಜ್ಕೊಂಡು ಓಗ್ತಾರೇನಪ್ಪ?"

ನಾನು ಹಲ್ಲುಕಿರಿದೆ.

"ಕಣ್ಣಲ್ಲಿ ಕಂಡ್ಯಾ, ಕಂಪ್ಯೂಟ್ರಲ್ಲಿ ಕಂಡ್ಯಾ?"

ಇದು ಅವರ ಖಾಯಂ ಪ್ರಶ್ನೆ. ಊಟ ರುಚಿಯಾಗಿದೆ ಎಂದರೂ ಇದೇ, ಮಳೆ ಬರುತ್ತಂತೆ ಎಂದರೂ ಇದೇ. ಬಾಗೂರಿನಿಂದ ದಿನಾ ಬಸ್ಸು ಹತ್ತಿ ಬರುವ ಆ ಎತ್ತರದ ಮನುಷ್ಯ ಬೇಸಗೆಯಲ್ಲೂ ಕಂದು ಕೋಟು ಬಿಚ್ಚುತ್ತಿರಲಿಲ್ಲ; ಅಳತೆಗೋಲು, ಸೀಸದಕಡ್ಡಿ, ಅರ್ಧ ಕೊಬ್ಬರಿಮಿಠಾಯಿ, ಎಲ್ಲಕ್ಕೂ ಅದರೊಳಗೆ ಪ್ರತ್ಯೇಕ ಜೇಬು. ಅವರ ಸಹಿಯಿರುವ ಹಾಳೆಗೆ ಮರು ಅಳತೆ ಬೇಡವೆಂದು ನಾಲ್ಕೂ ಊರಿನವರು ಸಭೆಯಲ್ಲೇ ಒಪ್ಪಿಕೊಂಡಿದ್ದರು. ಮೂವತ್ತು ವರ್ಷದ ನಡಿಗೆ ಅವರಿಗೆ ಗಳಿಸಿಕೊಟ್ಟದ್ದು ಆ ಒಂದು ಮಾತು.

ಸಿ.ಡಿ. ಹಂಚಲು ಎರಡು ದಿನವಿತ್ತು. ಹೊಳೆನರಸೀಪುರದ ಹಾಳೆಯ ಮೇಲೆ ನಾಲೆಯವರ ನಕ್ಷೆ ಹೊದಿಸಿದ್ದೇ ತಡ, ಒಂದು ಮನೆ ಕೆಂಪಾಯಿತು. ನಮ್ಮಲ್ಲಿ ಕೆಂಪೆಂದರೆ ಒತ್ತುವರಿ. ಮಲ್ಲಿಗಮ್ಮ ಎಂಬವರ ಮನೆ. ಊರಿನ ಹಾಳೆಯ ಗಡಿಗೆರೆಯ ಪ್ರಕಾರ ಅದು ನಾಲೆಯ ಜಾಗದಲ್ಲಿತ್ತು. ಹಾಳೆ ಬೀರುವಿನಲ್ಲಿ ಮಲಗಿದ್ದಷ್ಟು ಕಾಲ ಆ ಗೆರೆ ಯಾರನ್ನೂ ಕಚ್ಚಿರಲಿಲ್ಲ, ಸಿ.ಡಿ. ತಲುಪಿದ ಮರುವಾರ ನಾಲೆಯ ದಡ ತೆರವು ಮಾಡುವವರ ಕೈಗೆ ಅದೇ ಆಧಾರ. ಘಟಕದ ಮುಖ್ಯಸ್ಥೆ ಪ್ರತಿಭಾ ಮೇಡಂ ಹಾಳೆಯ ಮೂಲೆ ನೋಡಿ, "ಗಂಗಾಧರಯ್ಯನವರ ಸಹಿ ಇದೆಯಲ್ಲ, ಮುಗೀತು" ಎಂದರು.

ಗಂಗಾಧರಯ್ಯನವರು ಮಾತ್ರ ಆ ಕೆಂಪನ್ನು ಬಹಳ ಹೊತ್ತು ನೋಡಿ, "ಓಗಿ ನೋಡ್ಕೊಂಡ್ ಬರಣ ಬಾ" ಎಂದು ಛತ್ರಿ ಎತ್ತಿಕೊಂಡರು.

ನಾಲೆಯಂಚಿನ ಆ ಬೀದಿಯಲ್ಲಿ ಮಲ್ಲಿಗಮ್ಮ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ತಲೆಯೆತ್ತಿ ಒಂದು ಗಳಿಗೆ ನೋಡಿದರು.

"ನೀವಲ್ವಾ ಸಾಮಿ, ನಮ್ಮತ್ತೆ ಸತ್ತ ದಿನ ಬಂದು ಅಳತೆ ಸರಪಳಿ ಸುತ್ಕೊಂಡು ಓಗಿದ್ದೋರು? ನಾಳೆ ಬತ್ತೀನಿ ಅಂದಿದ್ರಿ."

"ಊಂ ಕಣವ್ವ."

"ಇಪ್ಪತ್ತಾರು ವರ್ಸಕ್ಕೆ ನಾಳೆ ಆಯ್ತಾ?"

ನನಗೆ ನಗು ಬಂತು. ಗಂಗಾಧರಯ್ಯನವರ ಮುಖ ನೋಡಿ ನುಂಗಿಕೊಂಡೆ. ಅವರು ಹಿತ್ತಲಿಗೆ ಹೋಗಿ, ಲಂಟಾನದ ಪೊದೆಯನ್ನು ಛತ್ರಿಯಲ್ಲಿ ಸರಿಸಿದರು. ನೆತ್ತಿಯಲ್ಲಿ ಅಡ್ಡಗೀಟು ಕೊರೆದ ಗಡಿಕಲ್ಲು ಮನೆಯಿಂದಾಚೆ, ನಾಲೆಯ ಕಡೆಗೆ, ತನ್ನ ಪಾಡಿಗೆ ನಿಂತಿತ್ತು. ಮನೆ ಎಂದೂ ಗಡಿ ದಾಟಿರಲಿಲ್ಲ.

"ಹೆಣ ಇರೋ ಮನೆ ಮುಂದೆ ಸರಪಳಿ ಹಾಸಬಾರ್ದು ಕಣಪ್ಪ," ಎಂದರು ವಾಪಸ್ಸು ಬರುವ ಬಸ್ಸಿನಲ್ಲಿ. "ನಮ್ಮಲ್ಲಿ ಹೂಳೋದು. ಆ ದಿನ ಅಳೆಯೋದು ಗುಂಡಿ ಒಂದನ್ನೇ. ಅದಕ್ಕೇ ಬೀದಿ ಮೂಲೇಲಿ ನಿಂತು ಅಂದಾಜಿಗೆ ಸೀಸದಕಡ್ಡೀಲಿ ಗೆರೆ ಹಾಕ್ದೆ. ಮಾರನೇ ದಿನ ಬೇರೆ ಊರಿಗೆ ಕಳಿಸಿದ್ರು. ನಕಲು ತೆಗೆಯೋನು ಗೆರೆಗೆ ಶಾಯಿ ಹಾಕ್ದ. ನಾನು ನೋಡ್ದೇನೇ ಸಹಿ ಹಾಕ್ದೆ."

"ಬಿಡಿ ಸಾರ್, ಮೌಸಲ್ಲಿ ಗೆರೆ ಒಂಚೂರು ಜರುಗಿಸ್ತೀನಿ. ಯಾರಿಗೂ ಗೊತ್ತಾಗಲ್ಲ." ಈ ಔದಾರ್ಯ ನನ್ನದು.

"ಗೊತ್ತಾಗದಂಗೆ ಜರುಗಿಸಿದ್ರೆ, ಮುಂದೆ ನಿನ್ನಂಥೋನೊಬ್ಬ ಹಳೇ ಹಾಳೆ ನೋಡಿ ಗೊತ್ತಾಗದಂಗೆ ವಾಪಸ್ ಜರುಗಿಸ್ತಾನೆ. ಸುಮ್ನೆ ಕೂತ್ಕೊ."

ಮರುದಿನ ನಾಲ್ಕೂ ಊರಿನ ಸಭೆಯಲ್ಲಿ ಗಂಗಾಧರಯ್ಯನವರು ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಚೀಟಿ ಓದಿದರು: ಈ ಗೆರೆಯನ್ನು ನಾನು ನೋಡದೆ ಎಳೆದೆ, ತಪ್ಪು ನನ್ನದು, ಕಲ್ಲು ಇರುವುದು ಇಂಥಲ್ಲಿ. ಹಿಂದಿನ ಸಾಲಿನ ಎಂಜಿನಿಯರೊಬ್ಬರು ಬಿಡಲಿಲ್ಲ: "ಅಂಗಾದ್ರೆ ಮಿಕ್ಕಿದ್ರಲ್ಲಿ ಎಷ್ಟು ಗೆರೆ ನೋಡಿ ಎಳ್ದಿದ್ದೀರಾ ಸಾ?" ಸಭೆ ನಕ್ಕಿತು.

"ನನ್ನ ಕೇಳ್ಬೇಡಿ ಸ್ವಾಮಿ. ಓಗಿ ನೋಡ್ಕೊಳ್ಳಿ" ಎಂದರು ಅವರು. ವ್ಯಂಗ್ಯವಿರಲಿಲ್ಲ, ವಿಳಾಸ ಹೇಳುವಷ್ಟು ಸಹಜವಾಗಿತ್ತು ದನಿ.

ಅವರ ಸಹಿಯ ಹಾಳೆಗಳಿಗೂ ಇನ್ನು ಮುಂದೆ ಎರಡನೆಯ ಸಹಿ ಬೇಕೆಂದು ಅಂದೇ ನಿರ್ಣಯವಾಯಿತು. ನಿರ್ಣಯದ ಕೆಳಗೆ ಮೊದಲು ರುಜು ಹಾಕಿದವರು ಅವರೇ. ಸಿ.ಡಿ. ಹೋಗುವಾಗ ಮಲ್ಲಿಗಮ್ಮನ ಮನೆ ಉಳಿದೆಲ್ಲ ಮನೆಗಳ ಬಣ್ಣದಲ್ಲೇ ಇತ್ತು. ಆ ಹಾಳೆಯ ಜೊತೆ, ಎಷ್ಟೂರಿಗೆ ಹೋಯಿತೋ ಅಷ್ಟೂರಿಗೂ, ಗಂಗಾಧರಯ್ಯನವರ ತಪ್ಪೊಪ್ಪಿಗೆಯೂ ಅವರ ಪೂರ್ಣ ಹೆಸರಿನೊಡನೆ ಹೋಯಿತು.

ಆಮೇಲೆ ನಾನು ಮೂರು ಕಚೇರಿ ಬದಲಿಸಿದೆ. ತಪ್ಪನ್ನೇ ಮಾಡದ ಅನೇಕ ಮಹನೀಯರನ್ನು ಕಂಡೆ. ಅವರ ಕೈಕೆಳಗೆ ತಪ್ಪು ಮಾಡಿದವರು ಯಾವಾಗಲೂ ಬೇರೆಯವರೇ ಆಗಿರುತ್ತಿದ್ದರು, ಬಹುಪಾಲು ಗುತ್ತಿಗೆಯವರು. ಗಂಗಾಧರಯ್ಯನವರಂಥ ಜನ ವಿರಳ. ಜೀವಮಾನವೆಲ್ಲ ನಿಷ್ಠೆಯಿಂದ ದುಡಿದು ಒಳ್ಳೆಯ ಹೆಸರು ಸಂಪಾದಿಸುತ್ತಾರೆ, ಅದನ್ನು ಜೋಪಾನವಾಗಿ ಕಾಯುತ್ತಾರೆ. ಮತ್ತೆ ಒಂದು ದಿನ, ಯಾವಳೋ ಒಬ್ಬಳ ಗೋಡೆ ನಿಲ್ಲಬೇಕಾದಾಗ, ಆ ಹೆಸರನ್ನು ಬಿಚ್ಚಿ ಗೋಡೆಗೆ ಆನಿಕೆ ಕೊಟ್ಟು ಬರುತ್ತಾರೆ. ಒಂದೂರು ಇನ್ನೊಂದೂರಿನ ನಕ್ಷೆಯನ್ನು ನಂಬುವುದು ಇಂಥವರ ದೆಸೆಯಿಂದ.