ಹಿಂದಿನ ಗೇಟು

ಸೂಜಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಟೈಲರ್ ಬೇಕರಿಯವನ ಮೇಲೆ ರೇಗಿದ. "ಬಿಗಿಯಾಗಿ ಹಿಡ್ಕೊಳ್ಳೋ ಪುಣ್ಯಾತ್ಮ. ಬಾವುಟ ಇದು, ಬನ್ನಿನ ಹಿಟ್ಟಲ್ಲ."

ಸಾವಿನ ಮನೆಯ ಅಂಗಳದಲ್ಲಿ ಇಬ್ಬರೂ ಮಂಡಿಯೂರಿ ಕೂತು ಹಳದಿ ಬಾವುಟದ ಹರಕು ಹೊಲಿಯುತ್ತಿದ್ದರು. ಅದು ಹರಿದದ್ದು ಕಳೆದ ಭಾನುವಾರ. ಫುಟ್‌ಬಾಲ್ ಆಟ ಇನ್ನೇನು ಮುಗಿಯಿತು ಅನ್ನುವಾಗ ರೆಫರಿ ಎದುರಾಳಿಗೆ ಪೆನಾಲ್ಟಿ ಕೊಟ್ಟ. ಹಳದಿ ತಂಡ ಮತ್ತೊಂದು ಸಲ ಸೋತಿತು. ಟೈಲರ್ ತಾನೇ ಹೊಲಿದ ಬಾವುಟವನ್ನು ಸಿಟ್ಟಿನಲ್ಲಿ ತಾನೇ ಎಳೆದು ಹರಿದ. ಈಗ ಅದನ್ನೇ ಮೋಟರಣ್ಣನ ಶವಪೆಟ್ಟಿಗೆಯ ಮೇಲೆ ಹೊದಿಸಬೇಕಾಗಿತ್ತು.

ಸುಟ್ಟುಹೋದ ಮೋಟರುಗಳಿಗೆ ಹೊಸದಾಗಿ ತಂತಿ ಸುತ್ತುವುದು ಮೋಟರಣ್ಣನ ಕಸುಬು. ಊರಿನ ಅರ್ಧ ಮನೆಗಳಿಗೆ ನೀರು ಹತ್ತುತ್ತಿದ್ದದ್ದು ಅವನ ಕೈಗುಣದಿಂದ. ಮೊನ್ನೆ ಅಂಗಡಿಯಲ್ಲಿ ತಂತಿ ಸುತ್ತುತ್ತ ಕೂತವನು ಹಾಗೆಯೇ ಮುಂದಕ್ಕೆ ವಾಲಿದ. ತೂಕಡಿಸುತ್ತಿದ್ದಾನೆ ಎಂದುಕೊಂಡು ಪಕ್ಕದ ಅಂಗಡಿಯವರು ಎಬ್ಬಿಸಲೂ ಇಲ್ಲ.

"ಏನೇ ಅನ್ನು, ಆ ಪೆನಾಲ್ಟಿನೇ ಅವನನ್ನ ತಿಂದದ್ದು," ಎಂದ ಬೇಕರಿಯವನು. "ಡಿಫೆಂಡರ್ ಕೈ ಮೈಗೆ ಅಂಟಿಕೊಂಡಿತ್ತು. ಚೆಂಡೇ ಬಂದು ಬಡಿದರೆ ಅವನೇನು ಕೈ ಕತ್ತರಿಸಿ ಮನೇಲಿಟ್ಟು ಬರಬೇಕಾ?"

ಬೆಂಚಿನ ಮೇಲೆ ಕೂತಿದ್ದ ಡ್ರಿಲ್ ಮೇಷ್ಟ್ರು ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಕ್ಲಾಸು ತೆಗೆದುಕೊಳ್ಳುವ ಚಟ ಬಿಟ್ಟಿರಲಿಲ್ಲ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಸೀಸನ್ನಿನಲ್ಲಿ ನಾವು ಹೊಡೆದ ಗೋಲು ಎಷ್ಟು, ಹೇಳಿ ನೋಡೋಣ? ನಮ್ಮ ಫಾರ್ವರ್ಡುಗಳು ಚೆಂಡು ಕಂಡರೆ ಅತ್ತೆ ಕಂಡ ಸೊಸೆ ಹಾಗೆ ಪಕ್ಕಕ್ಕೆ ಸರೀತಾರೆ."

"ಅದು ಬೇರೆ ಮಾತು ಮೇಷ್ಟ್ರೇ. ಹಗಲುಗೂಬೆ ಸೀಟಿ ಹಿಡಿದು ನಿಂತರೆ ದೇವರೇ ಬಂದು ಆಡಿದರೂ ಸೋಲೇ," ಎಂದ ಟೈಲರ್.

ಹಗಲುಗೂಬೆ ಎಂದರೆ ಆ ರೆಫರಿ. ಹಗಲಲ್ಲಿ ಕಣ್ಣು ಕಾಣದವನು ಎಂದು ಗ್ಯಾಲರಿ ಇಟ್ಟ ಹೆಸರು. ಅವನ ಪಾಳಿ ಇದ್ದ ದಿನ ಹಳದಿಯವರೆಲ್ಲ ಕೂಡಿ "ಗೂ... ಗೂ..." ಎಂದು ಕೂಗುತ್ತಿದ್ದರು. ಎತ್ತಿಕೊಡುವ ದನಿ ಮಾತ್ರ ಯಾವಾಗಲೂ ಟೈಲರನದು. ಸ್ಟೇಡಿಯಮ್ಮಿನ ಲೌಡ್‌ಸ್ಪೀಕರ್ ಕೆಟ್ಟರೂ ಚಿಂತೆಯಿಲ್ಲ, ಟೈಲರ್ ಇದ್ದಾನೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅದನ್ನು ಅವನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದ.

"ಮೆಲ್ಲಗೆ ಮಾತಾಡಿ. ಒಳಗೆ ಹೆಣ ಇದೆ," ಎಂದು ಮನೆಯ ಅಳಿಯ ಬಾಗಿಲಿಗೆ ಬಂದು ಹೇಳಿದ. ಮೂವರೂ ತಲೆ ತಗ್ಗಿಸಿದರು. ಅಳಿಯ ಒಳಗೆ ಹೋದದ್ದೇ ಬೇಕರಿಯವನು ಪಿಸುಗುಟ್ಟಿದ: "ಆದರೂ ಅದು ಹ್ಯಾಂಡ್‌ಬಾಲ್ ಅಲ್ಲ."

ಅಷ್ಟರಲ್ಲಿ ಗೇಟಿನ ಆಚೆ ಯಾರೋ ನಿಂತದ್ದು ಟೈಲರನ ಕಣ್ಣಿಗೆ ಬಿತ್ತು. ಬಿಳಿ ಅಂಗಿ ತೊಟ್ಟ ಸಣಕಲು ಮನುಷ್ಯ. ಚಿಲಕ ಮುಟ್ಟುವುದು, ಕೈ ಹಿಂದೆಗೆಯುವುದು, ಮತ್ತೆ ಮುಟ್ಟುವುದು ಮಾಡುತ್ತಿದ್ದ. ಮೋಟರಣ್ಣನ ಗಿರಾಕಿಯಿರಬೇಕು ಎಂದುಕೊಂಡು ಟೈಲರ್ ಎದ್ದು ಹೋದ. ತೀರ ಹತ್ತಿರ ಹೋದ ಮೇಲೆ ಗುರುತು ಹತ್ತಿತು. ಕಪ್ಪು ಅಂಗಿಯಿಲ್ಲದೆ, ಸೀಟಿಯಿಲ್ಲದೆ ಆ ಮುಖವನ್ನು ಅವನು ಎಂದೂ ನೋಡಿರಲಿಲ್ಲ.

ಟೈಲರ್ ಹೊರಗೆ ಹೋಗಿ ಗೇಟನ್ನು ತನ್ನ ಹಿಂದೆ ಎಳೆದುಕೊಂಡ.

"ನೀವು ಟೈಲರಣ್ಣ ಅಲ್ವಾ?" ಎಂದ ಅವನು. "ಅಕ್ಕ ಹೇಳಿದ್ರು, ನಿಮ್ಮನ್ನ ಕೇಳು, ನೀವು—"

"ಯಾವ ಅಕ್ಕ, ಎಂಥ ಅಕ್ಕ? ನಾಚಿಕೆ ಆಗಲ್ವಾ ನಿಂಗೆ? ಸಾವಿನ ಮನೆ ಮೇಲೆ ಗೂಬೆ ಕೂರುತ್ತೆ ಅಂತ ಕೇಳಿದ್ದೆ. ಇವತ್ತು ಕಣ್ಣಾರೆ ಕಂಡೆ."

"ಒಂದು ಸಲ ಮುಖ ನೋಡಿಕೊಂಡು—"

"ಆ ಪೆನಾಲ್ಟಿ ಸುದ್ದಿ ಕೇಳಿಯೇ ಅವನ ಎದೆ ಒಡೆದದ್ದು. ನೀನೇ ಕೊಂದೆ ಅವನನ್ನ. ಈಗ ಮುಖ ನೋಡೋಕೆ ಬಂದಿದೀಯ? ನಾನೊಂದು ಕೂಗು ಹಾಕಿದರೆ ಸಾಕು, ಅಲ್ಲಿ ಕೂತವರು ನಿನ್ನ ಚರ್ಮ ಸುಲೀತಾರೆ. ಬಂದ ದಾರಿ ಹಿಡಿ."

ಆ ಮನುಷ್ಯ ಮನೆಯ ಕಡೆ ಒಂದು ಸಲ ಕೈ ಮುಗಿದು, ಗೋಡೆಯ ಮಗ್ಗುಲಿಗೇ ಒತ್ತಿಕೊಂಡು ನಡೆದು ತಿರುವಿನಲ್ಲಿ ಮರೆಯಾದ. ಟೈಲರನಿಗೆ ಎದೆಯಲ್ಲಿ ಒಂಥರಾ ತಂಪಾಯಿತು. ಸತ್ತ ಗೆಳೆಯನಿಗೆ ಕೊನೆಗೂ ತನ್ನಿಂದ ಒಂದು ಕೆಲಸ ಆಯಿತಲ್ಲ ಎನ್ನಿಸಿತು.

"ಯಾರೋ ಅದು?" ಎಂದ ಬೇಕರಿಯವನು.

"ಯಾರೋ ವಿಳಾಸ ತಪ್ಪಿ ಬಂದಿದ್ದ," ಎಂದ ಟೈಲರ್. ನಿಜ ಹೇಳಿದರೆ ಅಂಗಳದಲ್ಲೇ ಗಲಾಟೆಯಾದೀತು ಎಂದು ಅವನಿಗೆ ಗೊತ್ತಿತ್ತು.

*

ಗ್ಯಾಲರಿಯಲ್ಲಿ ಟೈಲರ್ ಮತ್ತು ಮೋಟರಣ್ಣನದು ಅಕ್ಕಪಕ್ಕದ ಜಾಗ. ಮದುವೆಯಾದ ಹೊಸದರಲ್ಲಿ ಕೂತವರು, ಕೂದಲು ನೆರೆತರೂ ಜಾಗ ಬದಲಿಸಿರಲಿಲ್ಲ. ಮೋಟರಣ್ಣನೂ ಬೈಗುಳದಲ್ಲಿ ಹಿಂದೆ ಬಿದ್ದವನಲ್ಲ. ರೆಫರಿಯ ಕಣ್ಣು, ರೆಫರಿಯ ಕಾಲು, ಅವನಿಗೆ ಆಟ ಕಲಿಸಿದ ಗುರು, ಯಾರನ್ನೂ ಬಿಡುತ್ತಿರಲಿಲ್ಲ. ಆದರೆ ಆಟ ಮುಗಿಯಲು ಹತ್ತು ನಿಮಿಷವಿದೆ ಅನ್ನುವಾಗ, ಗೆಲ್ಲುತ್ತಿರಲಿ ಸೋಲುತ್ತಿರಲಿ, ಎದ್ದು ಅಂಗಿ ಕೊಡವಿಕೊಂಡು ಹೊರಟುಬಿಡುತ್ತಿದ್ದ.

"ಕೂತ್ಕೊಳ್ಳೋ. ಇನ್ನೇನು ಕಾರ್ನರ್ ಇದೆ."

"ಇಲ್ಲಪ್ಪ, ಮನೇಲಿ ಕಾಯ್ತಿರ್ತಾಳೆ."

"ಹೆಂಡತಿಗೆ ಹೆದರೋದಕ್ಕೂ ಒಂದು ಮಿತಿ ಬೇಡವೇನೋ? ಮೂಗುದಾರ ಹಾಕಿಸಿಕೊಂಡ ಎತ್ತು ನೀನು."

ಸುತ್ತಲಿನ ನಾಲ್ಕು ಸಾಲು ನಗುತ್ತಿತ್ತು. ಮೋಟರಣ್ಣನೂ ನಗುತ್ತಲೇ ಮೆಟ್ಟಿಲಿಳಿದು ಹೋಗುತ್ತಿದ್ದ. ಇಷ್ಟು ವರ್ಷಗಳಲ್ಲಿ ತಂಡ ಕಪ್ ಗೆದ್ದದ್ದು ಒಂದೇ ಸಲ, ಅದೂ ಕೊನೆಯ ನಿಮಿಷದ ಗೋಲಿನಿಂದ. ಆ ಗೋಲಿಗೆ ಟೈಲರ್ ಖುಷಿಯಿಂದ ಪಕ್ಕಕ್ಕೆ ತಿರುಗಿ ತಬ್ಬಿಕೊಳ್ಳಲು ಹೋದರೆ ಪಕ್ಕದ ಜಾಗ ಖಾಲಿ. ಅವತ್ತಿನಿಂದ ಅವನಿಗೆ ಮೋಟರಣ್ಣನ ಹೆಂಡತಿಯನ್ನು ಕಂಡರೆ ಒಳಗೊಳಗೇ ಮುನಿಸು. ಗಂಡನಿಗೆ ಹತ್ತು ನಿಮಿಷ ಬಿಟ್ಟುಕೊಡದ ಹೆಂಗಸು ಎಂಥ ಹೆಂಗಸು ಎಂದು ಮನೆಯಲ್ಲಿ ತನ್ನ ಹೆಂಡತಿಗೆ ಎಷ್ಟೋ ಸಲ ಹೇಳಿದ್ದ.

*

"ಟೈಲರಣ್ಣಾ, ಸ್ವಲ್ಪ ಒಳಗೆ ಬರ್ತೀರಾ?"

ಅಡುಗೆಮನೆಯ ಬಾಗಿಲಲ್ಲಿ ಮೋಟರಣ್ಣನ ಹೆಂಡತಿ, ಟೈಲರನ ಬಾಯಲ್ಲಿ ಅತ್ತಿಗೆ, ನಿಂತಿದ್ದರು. ಅತ್ತು ಅತ್ತು ಮುಖ ಬೀಗಿತ್ತು. ಟೈಲರ್ ಹೊಲಿದು ಮುಗಿಸಿದ ಬಾವುಟವನ್ನು ಮಡಚಿ ಹಿಡಿದು ಒಳಗೆ ಹೋದ.

"ಅವನು ಬಂದ್ನಾ?" ಎಂದು ಕೇಳಿದರು.

"ಯಾರು ಅತ್ತಿಗೆ?"

"ರೆಫರಿ. ನೀವೆಲ್ಲ ಹಗಲುಗೂಬೆ ಅಂತೀರಲ್ಲ, ಅವನು." ಅತ್ತಿಗೆಯ ದನಿಯಲ್ಲಿ ಆಕ್ಷೇಪಣೆ ಏನೂ ಇರಲಿಲ್ಲ. "ಹೆಗಲು ಕೊಡೋಕೆ ನೀವು, ಅಳಿಯ, ಮೈದುನ ಇದ್ದೀರಿ. ನಾಲ್ಕನೇದು ಅವನದು ಅಂತ ನಾನೇ ಫೋನ್ ಮಾಡಿ ಹೇಳಿದ್ದೆ. ಜನ ಇರ್ತಾರಕ್ಕಾ, ಭಯ ಆಗುತ್ತೆ ಅಂದ. ನಮ್ಮ ಟೈಲರಣ್ಣ ಬಾಗಿಲಲ್ಲೇ ಇರ್ತಾರೆ, ಅವರ ಹೆಸರು ಹೇಳು, ಒಳಗೆ ಕರ್ಕೊಂಡು ಬರ್ತಾರೆ ಅಂದೆ."

ಟೈಲರ್ ಬಾವುಟದ ಮಡಿಕೆ ಬಿಚ್ಚಿ ಮತ್ತೆ ಮಡಚಿದ. "ಅವನು... ನಿಮಗೆ ಹೇಗೆ ಗೊತ್ತು?"

"ಅಯ್ಯೋ, ಇವರು ನಿಮಗೂ ಹೇಳಿರಲಿಲ್ವಾ?" ಅತ್ತಿಗೆ ಸ್ಟೂಲಿನ ಮೇಲೆ ಕೂತರು. "ಎಷ್ಟೋ ವರ್ಷದ ಕೆಳಗೆ ಸ್ಟೇಡಿಯಮ್ಮಿನ ಹಿಂದಿನ ಗೇಟಿನಲ್ಲಿ ಯಾವನೋ ರೆಫರಿಗೆ ಕಲ್ಲು ಬಿತ್ತಲ್ಲ, ತಲೆ ಒಡೀತಲ್ಲ. ಅವತ್ತು ಇವರು ಮನೆಗೆ ಬಂದು ಊಟ ಮಾಡಲಿಲ್ಲ. ಬೈದವರಲ್ಲಿ ನಾನೂ ಒಬ್ಬ ಕಣೇ ಅಂದ್ರು. ಆಮೇಲಿಂದ ಆಟ ಮುಗಿಯೋ ಮುಂಚೆ ಎದ್ದು ಹೋಗಿ ಹಿಂದಿನ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಇರ್ತಿದ್ರು. ರೆಫರಿ ಯಾರೇ ಆಗಲಿ, ಜನ ಹೊರಗೆ ಬರೋದರೊಳಗೆ ಕೂರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರೋರು. ಇವನಿಗೆ ಹಿಂದೆ ಮುಂದೆ ಯಾರೂ ಇಲ್ಲ. ಹಾಗಾಗಿ ಇವನನ್ನ ಮನೆಗೇ ಕರ್ಕೊಂಡು ಬರೋರು, ಊಟಕ್ಕೆ."

"ಮೋಟರಣ್ಣನೇ ಬೈತಿದ್ದನಲ್ಲ ಅತ್ತಿಗೆ, ನಮಗಿಂತ ಜೋರಾಗಿ."

"ಊಟಕ್ಕೆ ಕೂತ ಮೇಲೂ ಬೈಯೋರು. ಅನ್ನ ಬಡಿಸ್ತಾ ಬೈಯೋರು. ಅವನು ತಲೆ ತಗ್ಗಿಸಿಕೊಂಡು ಉಣ್ಣೋನು." ಅತ್ತಿಗೆಯ ಮುಖದಲ್ಲಿ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. "ಕಳೆದ ಭಾನುವಾರ ಇದೇ ಮೇಜಿನ ಮೇಲೆ ಲೋಟ ಜೋಡಿಸಿಕೊಂಡು ಇಬ್ಬರೂ ಆ ಪೆನಾಲ್ಟಿನ ಮತ್ತೆ ಆಡಿದ್ರು. ಹಿಂದಿನ ಗೇಟು ಆ ಗೋಲ್‌ಪೋಸ್ಟಿನ ಪಕ್ಕದಲ್ಲೇ ಇದೆಯಂತಲ್ಲ, ಇವರು ಸರಳಿನ ಸಂದಿಂದ ಹತ್ತಿರದಿಂದ ನೋಡಿದ್ರಂತೆ. ಸರಿಯಾಗಿಯೇ ಕೊಟ್ಟೆ ಕಣೋ, ನಮ್ಮ ಡಿಫೆಂಡರ್ ಕೈ ಚಾಚಿದ್ದು ನಾನೂ ನೋಡ್ದೆ ಅಂದ್ರು. ಆದರೆ ಟೈಲರ್ ಕಿವಿಗೆ ಹಾಕಬೇಡ, ಅವನು ತಡ್ಕೊಳ್ಳಲ್ಲ, ಅವನ ಜೀವ ಎಲ್ಲ ಆ ತಂಡದ ಮೇಲಿದೆ ಅಂತ ನಕ್ಕರು."

ಟೈಲರ್ ಕೈಯಲ್ಲಿದ್ದ ಬಾವುಟವನ್ನೇ ನೋಡುತ್ತ ನಿಂತ. ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. ಇಷ್ಟು ವರ್ಷ ತೊಡೆಗೆ ತೊಡೆ ತಾಗಿಸಿಕೊಂಡು ಕೂತ ಗೆಳೆಯ ಇದೊಂದನ್ನು ತನಗೆ ಹೇಳಲಿಲ್ಲ. ಹೇಳುವಂತೆ ತಾನಿರಲಿಲ್ಲ. ಆ ಕಲ್ಲಿನ ಸುದ್ದಿ ಬಂದ ದಿನ ಬೇಕರಿಯ ಮುಂದೆ ನಿಂತು, ಸರಿಯಾಗಿ ಆಯ್ತು ಎಂದು ತಾನು ಕೈ ತಟ್ಟಿದ್ದಾಗ ಮೋಟರಣ್ಣ ಪಕ್ಕದಲ್ಲೇ ಇದ್ದ.

"ಬಂದಿಲ್ವಾ ಹಾಗಾದ್ರೆ?" ಎಂದು ಅತ್ತಿಗೆ ಮತ್ತೆ ಕೇಳಿದರು.

ನಾನೇ ಓಡಿಸಿದೆ ಎಂಬ ಮಾತು ನಾಲಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. "ಕಾಣಲಿಲ್ಲ ಅತ್ತಿಗೆ. ನೋಡ್ತೀನಿ," ಎಂದುಬಿಟ್ಟ. ಒಂದು ತಪ್ಪಿನ ಮೇಲೆ ಇನ್ನೊಂದು. ಗೇಟಿಗೆ ಓಡಿದ, ಬೀದಿಯ ತಿರುವಿನವರೆಗೂ ಓಡಿದ. ಯಾರೂ ಇರಲಿಲ್ಲ. ಹಿಂದಿನಿಂದ ಅಳಿಯ ಕೂಗುತ್ತಿದ್ದ, ಸ್ಮಶಾನದವರು ಕಾಯುತ್ತಿದ್ದಾರೆ, ಇನ್ನು ತಡ ಮಾಡುವ ಹಾಗಿಲ್ಲ ಎಂದು.

ಪೆಟ್ಟಿಗೆ ಎತ್ತಿದರು. ಮುಂದೆ ಟೈಲರ್ ಮತ್ತು ಅಳಿಯ, ಹಿಂದೆ ಮೈದುನ. ನಾಲ್ಕನೇ ಮೂಲೆ ಖಾಲಿ. ಅತ್ತಿಗೆ ಒಂದು ಗಳಿಗೆ ಗೇಟಿನ ಕಡೆ ನೋಡಿದರು, ಆಮೇಲೆ ಬೇಕರಿಯವನಿಗೆ ಕಣ್ಸನ್ನೆ ಮಾಡಿದರು. ಬೆಳಗಿನಿಂದ ಟೈಲರ್ ಹೆಗಲು ಕೊಡುವುದಕ್ಕೇ ಕಾದಿದ್ದ. ಯಾರು ಕೊಡದಿದ್ದರೂ ತಾನು ಕೊಡಲೇಬೇಕು ಎಂದು ಎರಡು ಸಲ ಎಲ್ಲರಿಗೂ ಕೇಳುವಂತೆ ಹೇಳಿಯೂ ಇದ್ದ. ಈಗ ಪೆಟ್ಟಿಗೆ ಹೆಗಲಿಗೆ ಬಂದಾಗ ಕದ್ದ ಮಾಲು ಹೊತ್ತಂತೆ ಆಯಿತು.

ಮೆರವಣಿಗೆ ಅಂಗಡಿಬೀದಿ ದಾಟಿತು. ಪೆಟ್ಟಿಗೆಯ ಬೆನ್ನಿಗೇ ಅತ್ತಿಗೆ, ಅವರ ಹಿಂದೆ ಹಳದಿ ಶಾಲು ಹೊದ್ದ ಗ್ಯಾಲರಿಯವರು ಗುಂಪಾಗಿ ಬರುತ್ತಿದ್ದರು. ಮೋಟರಣ್ಣನ ಅಂಗಡಿಯ ಶಟರ್ ಎಳೆದಿತ್ತು. ಅದರ ಮುಂದೆ ಯಾರೋ ರಿಪೇರಿಗೆ ತಂದ ಮೋಟರನ್ನು ಹಾಗೆಯೇ ಇಟ್ಟು ಹೋಗಿದ್ದರು.

"ಮುಂದಿನ ವಾರಕ್ಕೂ ಆ ಹಗಲುಗೂಬೆಯನ್ನೇ ಹಾಕಿದ್ದಾರಂತೆ," ಎಂದು ಪೆಟ್ಟಿಗೆಯ ಅಡಿಯಿಂದ ಬೇಕರಿಯವನು ಏದುಸಿರಿನಲ್ಲೇ ಹೇಳಿದ.

"ಬಾಯಿ ಮುಚ್ಚು," ಎಂದ ಟೈಲರ್.

ಬಸ್‌ಸ್ಟ್ಯಾಂಡ್ ಬಂತು. ಬೆಂಚಿನ ಮೇಲೆ ಒಬ್ಬನೇ ಕೂತಿದ್ದ ಬಿಳಿ ಅಂಗಿಯವನು ಪೆಟ್ಟಿಗೆಯನ್ನು ಕಂಡು ಎದ್ದು ನಿಂತ. ಅದರ ಹಿಂದಿನ ಹಳದಿ ಶಾಲುಗಳನ್ನು ಕಂಡದ್ದೇ, ಎರಡು ಹೆಜ್ಜೆ ಹಿಂದೆ ಸರಿದು ಕಂಬದ ಮರೆಗೆ ಹೋದ. ಅಂಗಿಯ ಒಂದು ತೋಳು ಮಾತ್ರ ಈಚೆಗೆ ಕಾಣುತ್ತಿತ್ತು.

ಟೈಲರ್ ನಿಂತುಬಿಟ್ಟ. ಪೆಟ್ಟಿಗೆ ವಾಲಿತು. ಹಿಂದಿನವರು ಮುಗ್ಗರಿಸಿದರು.

"ಯಾಕೋ? ನಡಿಯೋ, ಭಾರ ಆಗ್ತಿದೆ," ಎಂದ ಬೇಕರಿಯವನು.

ಪೆಟ್ಟಿಗೆ ಬಿಟ್ಟು ಹೋಗುವಂತಿಲ್ಲ. ಇಲ್ಲಿಂದಲೇ ಕರೆಯಬೇಕು. ಟೈಲರ್ ಬಾಯಿ ತೆರೆದ, ಕರೆಯಲು ಹೆಸರೇ ಇರಲಿಲ್ಲ. ಪ್ರತಿ ಆಟಕ್ಕೂ ಮೈಕಿನಲ್ಲಿ ರೆಫರಿಯ ಹೆಸರು ಹೇಳುತ್ತಿದ್ದರು. ಹೇಳುವ ಹೊತ್ತಿಗೆ ಟೈಲರನ ಕೂಗು ಶುರುವಾಗಿರುತ್ತಿತ್ತು.

"ಅವನ ಹೆಸರೇನು?" ಎಂದ.

"ಯಾರದು?"

"ಅವನದು. ಆ ರೆಫರಿಯದು."

"ಹಗಲುಗೂಬೆ," ಎಂದ ಬೇಕರಿಯವನು. ಪಾಪ, ಅವನಿಗೂ ಬೇರೇನೂ ಗೊತ್ತಿರಲಿಲ್ಲ.

ಟೈಲರ್ ಕತ್ತು ತಿರುಗಿಸಲಾರದೆ ಮುಂದೆಯೇ ನೋಡುತ್ತ ಹೇಳಿದ, "ಅತ್ತಿಗೆ, ಅವನು ಬಂದಿದ್ದ. ಗೇಟಿನವರೆಗೂ ಬಂದಿದ್ದ. ನಾನೇ ಬೈದು ಓಡಿಸ್ದೆ. ನಿಮಗೆ ಸುಳ್ಳು ಹೇಳ್ದೆ." ಹಳದಿ ಶಾಲಿನವರೆಲ್ಲ ಅವನ ಕಡೆ ತಿರುಗಿದರು. "ಅವನ ಹೆಸರು ಹೇಳಿ ಅತ್ತಿಗೆ."

ಪೆಟ್ಟಿಗೆಯ ಹಿಂದಿನಿಂದ ಅತ್ತಿಗೆ ಹೆಸರು ಹೇಳಿದರು. ತೀರ ಸಾಮಾನ್ಯ ಹೆಸರು. ಟೈಲರನ ಅಕ್ಕನ ಮಗನಿಗೂ ಅದೇ ಹೆಸರು.

ಇಡೀ ಸ್ಟೇಡಿಯಂ ಬಲ್ಲ ದನಿಯಲ್ಲಿ ಟೈಲರ್ ಆ ಹೆಸರು ಹಿಡಿದು ಕೂಗಿದ.

ಕೂಗು ಕಿವಿಗೆ ಬಿದ್ದದ್ದೇ ತಡ, ಕಂಬದ ಮರೆಯಲ್ಲಿದ್ದವನು ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಕುಸಿದು ಕೂತ.