ನಾಲ್ಕೂವರೆಯ ಬೆಳಕು

ನಾಲ್ಕೂವರೆಗೇ ಯಾಕೆ ಎಂದು ಕೇಳಿದರೆ ಏನು ಹೇಳುವುದು? ಬೆಳಕು ಎನ್ನಬಹುದು. ಇಪ್ಪತ್ತೆರಡು ವರ್ಷಗಳಿಂದ ಕೇಳಿದವರಿಗೆಲ್ಲ ಅದನ್ನೇ ಹೇಳಿದ್ದಾನೆ, ಕೇಳಿದವರೆಲ್ಲ ತಲೆಯಾಡಿಸಿದ್ದಾರೆ. ಆದರೆ ಎದುರಿನ ಸ್ಟೂಲಿನ ಮೇಲೆ ಕುಳಿತು, ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು, ತನ್ನನ್ನೇ ನೋಡುತ್ತಿರುವ ಈ ಹೆಂಗಸು ಸುಮ್ಮನೆ ತಲೆಯಾಡಿಸುವ ಪೈಕಿಯಲ್ಲ. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕೆಂದು ಬರೆದಿಟ್ಟವರು. ತಡವಾಗಿ ಬಂದ ಡ್ರೈವರುಗಳು ಹೇಳಬಹುದಾದ ಕಾರಣಗಳನ್ನೆಲ್ಲ ಕೇಳಿ ಮುಗಿಸಿದವರು.

"ಬೆಳಕು," ಎಂದ ಅವನು ಕೊನೆಗೆ. "ಆ ಹೊತ್ತಿಗೆ ಬಿಸಿಲು ಓರೆಯಾಗಿ ಬೀಳುತ್ತೆ. ಮರದಲ್ಲಿ ಕೂದಲೆಳೆಯಷ್ಟು ಬಿರುಕಿದ್ರೂ ಕಂಡುಬಿಡುತ್ತೆ."

"ಹೌದಾ," ಎಂದರು ಡಿಪೋ ಮೇಡಂ. "ಮೋಡ ಇದ್ದ ದಿನ?"

ಹಿಂದಿನ ಬೆಂಚಿನಲ್ಲಿ ಕೀಸುಳಿಯ ಸದ್ದು ನಿಂತಿತು. ಉತ್ತರ ಏನು ಬರುತ್ತದೆಂದು ಬಡಗಿಗೂ ಕುತೂಹಲ.

ಅವನದು ಏಣಿ ಮಾಡುವ ಕಾರ್ಖಾನೆ. ಕಾರ್ಖಾನೆ ಎನ್ನುವುದು ಬೋರ್ಡಿನ ಮೇಲೆ ಮಾತ್ರ. ಒಳಗೆ ಇರುವುದು ಎತ್ತರದ ಒಂದು ಶೆಡ್ಡು, ಆರು ಜನ ಕೆಲಸಗಾರರು, ಮೊಣಕಾಲುದ್ದ ಮರದ ಸಿಪ್ಪೆ. ಬಣ್ಣ ಬಳಿಯುವವರಿಗೆ, ಹಣ್ಣು ಕೀಳುವವರಿಗೆ, ಪುಸ್ತಕದ ಕಪಾಟುಗಳಿಗೆ, ಎಲ್ಲದಕ್ಕೂ ಏಣಿ. ಅಲ್ಲಿ ಒಂದು ನಿಯಮವಿತ್ತು. ಯಾವ ಏಣಿಯೂ ಯಜಮಾನ ಹತ್ತಿ, ಕೊನೆಯ ಮೆಟ್ಟಿಲಿನ ಮೇಲೆ ನಿಂತು ನೋಡದೆ ಬಾಗಿಲು ದಾಟುವಂತಿಲ್ಲ. ನಿಂತು, ಇಳಿದು, ಕೆಂಪು ಬಣ್ಣದಲ್ಲಿ ಹೆಬ್ಬೆರಳು ಅದ್ದಿ ಆ ಮೆಟ್ಟಿಲಿನ ಅಡಿಗೆ ಒತ್ತಿದರೆ ಏಣಿ ಪಾಸು. ಈ ಪರೀಕ್ಷೆ ನಡೆಯುವುದು ಸಂಜೆ ನಾಲ್ಕೂವರೆಯಿಂದ ಐದರವರೆಗೆ, ಪಶ್ಚಿಮದ ಗೋಡೆಯ ಬೆಳಕಿಂಡಿಯ ಕೆಳಗೆ ಮಾತ್ರ. ಅರ್ಧ ಗಂಟೆಯಲ್ಲಿ ಆರು ಏಣಿ ಮುಗಿದರೆ ಹೆಚ್ಚು. ಆರ್ಡರು ಜೋರಿದ್ದಾಗ ದಿನಕ್ಕೆ ತಯಾರಾಗುತ್ತಿದ್ದುದು ಹತ್ತು. ಉಳಿದವು ಆಸ್ಪತ್ರೆಯಲ್ಲಿ ಚೀಟಿ ಹಿಡಿದು ನಿಂತ ರೋಗಿಗಳ ಹಾಗೆ ಗೋಡೆಗೊರಗಿ ಕಾಯುತ್ತಿದ್ದವು.

ಮರ ಆರಿಸುವವನು ಅವನೇ, ಅಂಟು ಕುದಿಸುವವನು ಅವನೇ, ಫೋನು ಎತ್ತುವವನೂ ಅವನೇ. ಊಟ ನಿಂತುಕೊಂಡೇ. ಮನೆ ಎರಡು ಬೀದಿ ಆಚೆ, ಆದರೂ ಹಗಲಿನಲ್ಲಿ ಅದರ ಹೊಸ್ತಿಲು ತುಳಿದು ಎಷ್ಟು ಕಾಲವಾಯಿತೋ. ಗಂಡಹೆಂಡಿರ ಮಾತುಕತೆ ಊಟದ ಡಬ್ಬಿಯಲ್ಲೇ ನಡೆಯುತ್ತಿತ್ತು. ಅವಳು ಮುಚ್ಚಳದೊಳಗೆ ಚೀಟಿ ಇಡುವಳು: ನಲ್ಲಿ ಸೋರುತ್ತಿದೆ. ಮಗಳಿಗೆ ಗಣಿತದಲ್ಲಿ ಬಹುಮಾನ. ಅವನು ಹಿಂಬದಿಯಲ್ಲಿ ಬರೆದು ಕಳಿಸುವನು: ಆಗಲಿ. ಸಂತೋಷ. ಎರಡು ತಿಂಗಳ ಹಿಂದೆ ಬಂದ ಚೀಟಿ ಮಾತ್ರ ಉದ್ದವಾಗಿತ್ತು: "ಅರ್ಧ ಹೊತ್ತಿಗೆ ಒಬ್ಬ ಮ್ಯಾನೇಜರನ್ನು ಇಟ್ಟುಕೊಳ್ಳಿ. ಮೂರನೇ ಬೀದಿಯ ಡಿಪೋ ಮೇಡಂ ನಿವೃತ್ತರಾಗಿದ್ದಾರೆ, ನಾನು ಕೇಳಿದ್ದೇನೆ, ಒಪ್ಪಿದ್ದಾರೆ. ನನಗೂ ಪೂರ್ತಿ ಹೊತ್ತಿನ ಒಬ್ಬ ಗಂಡ ಬೇಕಾಗಿದ್ದಾನೆ."

ಹಿಂಬದಿಯಲ್ಲಿ ಏನು ಬರೆಯಬೇಕೆಂದು ತಿಳಿಯದೆ ಅವನು ಅಂದೂ "ಆಗಲಿ" ಎಂದೇ ಬರೆದ.

ಮೇಡಂ ವಾರಕ್ಕೆ ಮೂರು ಮಧ್ಯಾಹ್ನ ಬಂದರು. ಉಳಿದ ದಿನಗಳಲ್ಲಿ ಅವರು ಒಂದು ಬೇಕರಿಯನ್ನೂ ಒಂದು ಮುದ್ರಣಾಲಯವನ್ನೂ ದಾರಿಗೆ ತರುತ್ತಿದ್ದರು. ಮೊದಲ ವಾರ ಏನೂ ಮಾಡಲಿಲ್ಲ, ಸುಮ್ಮನೆ ಕುಳಿತು ನೋಡಿದರು. ಎರಡನೇ ವಾರ ಫೋನು ಪಾಲಿಶ್ ಹಾಕುವ ಅಕ್ಕನ ಕೈಗೆ ಹೋಯಿತು. ಮೂರನೇ ವಾರ ಮರದ ಲಾರಿ ಸೋಮವಾರ ಬಿಟ್ಟು ಬೇರೆ ದಿನ ಬರುವುದು ನಿಂತಿತು. ಹೆಗಲಿನಿಂದ ಒಂದೊಂದೇ ಮೂಟೆ ಇಳಿದ ಹಾಗೆ ಅವನಿಗೆ ಹಗುರವಾಯಿತು, ಜೊತೆಗೆ ಸ್ವಲ್ಪ ಹೆದರಿಕೆಯೂ ಆಯಿತು. ಎಲ್ಲವನ್ನೂ ಕೊಟ್ಟ. ನಾಲ್ಕೂವರೆಯೊಂದನ್ನು ಕೊಡಲಿಲ್ಲ.

ಈಗ ಹೊಸ ಗ್ರಂಥಾಲಯವೊಂದರಿಂದ ನಲವತ್ತು ಏಣಿಗಳ ಆರ್ಡರು ಬಂದಿತ್ತು, ಉಳಿದದ್ದು ಆರೇ ದಿನ. ಇಂಥದ್ದೇ ಒಂದು ಆರ್ಡರು ಕಳೆದ ವರ್ಷ ಗೋಡೆಗೊರಗಿ ನಿಂತೇ ಕೈತಪ್ಪಿತ್ತು. ಇದೂ ತಪ್ಪಿದರೆ ಇಬ್ಬರನ್ನು ಕೆಲಸದಿಂದ ಬಿಡಿಸಬೇಕಾಗುತ್ತದೆಂದು ಅವನಿಗೆ ಗೊತ್ತು. ಗೊತ್ತಿದ್ದೂ ನಿಜವಾದ ಕಾರಣ ಹೇಳಲು ಬಾಯಿ ಬರುತ್ತಿಲ್ಲ. ಮುಚ್ಚಿಡಬೇಕಾದ ವಿಷಯವೇನೂ ಅಲ್ಲ. ಹೇಳಿದರೆ ಚಿಕ್ಕದಾಗಿಬಿಡುವಂಥದ್ದು, ಅಷ್ಟೆ.

"ಸರಿ," ಎಂದು ಮೇಡಂ ಎದ್ದರು. ಗಡಿಯಾರ ನೋಡಿ, ಚಪ್ಪಲಿ ಬಿಟ್ಟು, ಬೆಳಕಿಂಡಿಯ ಕೆಳಗಿದ್ದ ಏಣಿಗೆ ಕೈ ಹಚ್ಚಿದರು. "ನಾನೇ ಹತ್ತಿ ನೋಡ್ತೀನಿ."

"ಅಯ್ಯೋ ಮೇಡಂ, ಬಿದ್ದುಗಿದ್ದೀರಿ!" ಬಡಗಿ ಓಡಿಬಂದ. ಕೆಲಸ ಎಷ್ಟು ಮಾಡುವನೋ ಅಷ್ಟೇ ಗೊಣಗುತ್ತಿದ್ದುದರಿಂದ ಹದಿನೆಂಟು ವರ್ಷಗಳಲ್ಲಿ ಅವನ ಹೆಸರೇ ಗೊಣಗಪ್ಪ ಎಂದಾಗಿತ್ತು.

"ಬೀಳೋ ಏಣಿ ಮಾಡ್ತೀಯೇನಪ್ಪ ನೀನು?"

"ಛೇ ಛೇ! ನನ್ನ ಏಣಿ ಮೇಲೆ ಆನೆ ನಿಲ್ಲಿಸಿ ಬೇಕಾದ್ರೆ."

"ಹಾಗಾದ್ರೆ ಯಜಮಾನ್ರು ದಿನಾ ಯಾಕೆ ಹತ್ತಿ ನೋಡ್ತಾರೆ?"

ಶೆಡ್ಡಿಗೆ ಶೆಡ್ಡೇ ನಕ್ಕಿತು. ಗೊಣಗಪ್ಪ ಪಕ್ಕಕ್ಕೆ ಸರಿದ. ಮೇಡಂ ಒಂದೊಂದೇ ಮೆಟ್ಟಿಲು ಹತ್ತಿದರು. ಯಜಮಾನ ಕೆಳಗೆ ಏಣಿ ಹಿಡಿದು ನಿಂತ. ಕೊನೆಯ ಮೆಟ್ಟಿಲಿನಲ್ಲಿ ಅವರ ಮುಖ ಬೆಳಕಿಂಡಿಗೆ ಸರಿಯಾಗಿ ಬಂತು. ಅವರು ಮರವನ್ನು ನೋಡಲಿಲ್ಲ, ಹೊರಗೆ ನೋಡಿದರು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ನೋಡಿದರು.

ಇಳಿದು ಬಂದಾಗ ಅವರ ಮುಖದಲ್ಲಿ ನಗುವೂ ಇರಲಿಲ್ಲ, ಪ್ರಶ್ನೆಯೂ ಇರಲಿಲ್ಲ. "ಬೆಳಕು ಚೆನ್ನಾಗಿದೆ," ಎಂದಷ್ಟೇ ಹೇಳಿ, ಕಿವಿಯಿಂದ ಪೆನ್ಸಿಲು ತೆಗೆದು ಬರೆಯಲು ಕುಳಿತರು.

ಮಾರನೆಯ ದಿನ ಗೋಡೆಯ ಮೇಲೆ ಹೊಸ ವೇಳಾಪಟ್ಟಿ ಇತ್ತು, ಥೇಟು ಬಸ್ ನಿಲ್ದಾಣದ್ದರ ಹಾಗೆ. ಪರೀಕ್ಷೆ: ಬೆಳಿಗ್ಗೆ ಹನ್ನೊಂದು, ಸಂಜೆ ನಾಲ್ಕೂವರೆ. ಹತ್ತುವವರು: ಗೊಣಗಪ್ಪ. ಎಲ್ಲಕ್ಕಿಂತ ಕೆಳಗೆ, ಬೇರೆ ಸಾಲಿನಲ್ಲಿ: ಯಜಮಾನರು, ನಾಲ್ಕು ಗಂಟೆಗೆ ಹೊರಡುವುದು.

"ಎಲ್ಲಿಗೆ ಹೊರಡೋದು?" ಎಂದ ಅವನು.

"ಮನೆಗೆ."

"ಮನೇಲಿ ಏನು ಮಾಡ್ಲಿ?"

"ಬಸ್ಸು ಹೊರಡೋ ಹೊತ್ತು ಬರೆಯೋದಷ್ಟೇ ನನ್ನ ಕೆಲಸ. ಹೋಗಿ ಇಳಿದ ಮೇಲೆ ಏನು ಮಾಡ್ಬೇಕು ಅಂತ ನಾನು ಯಾವತ್ತೂ ಯಾರಿಗೂ ಹೇಳಿಲ್ಲ."

"ಆದ್ರೂ ಮೇಡಂ, ಜನ ಜೀವ ನಂಬಿ ಹತ್ತೋ ವಸ್ತು..."

"ಹದಿನೆಂಟು ವರ್ಷದಲ್ಲಿ ಇವನು ಮಾಡಿದ ಏಣಿ ಎಷ್ಟು ವಾಪಸ್ ಕಳಿಸಿದ್ದೀರಿ?"

ಅವನು ನಿಂತಲ್ಲೇ ಯೋಚಿಸಿದ. ಸಾವಿರಾರು ಸಲ ಹತ್ತಿ ಇಳಿದಿದ್ದ. ಒಂದನ್ನೂ ವಾಪಸು ಕಳಿಸಿದ ನೆನಪಾಗಲಿಲ್ಲ. ಕೆಂಪು ಬಣ್ಣದ ಡಬ್ಬಿಯನ್ನು ಎತ್ತಿಕೊಂಡು, ಎರಡು ಹೆಜ್ಜೆ ಇಟ್ಟು, ಗೊಣಗಪ್ಪನ ಬೆಂಚಿನ ಮೇಲೆ ಇಟ್ಟುಬಿಟ್ಟ.

"ಇದೊಂದು ಬಾಕಿ ಇತ್ತು ನೋಡಿ ನನ್ನ ತಲೆಗೆ," ಎಂದು ಗೊಣಗಪ್ಪ ಶುರು ಮಾಡಿದ. "ಹೋಗ್ಲಿ ಅಂದ್ರೆ ಒಂದು ಸಂಜೆ ನೆಟ್ಟಗೆ ಕೂತ್ಕೊಳ್ಳೋ ಹಾಗಿಲ್ಲ." ಗೊಣಗುತ್ತಲೇ ತೊಟ್ಟಿಯ ಬಳಿ ಹೋಗಿ ಎರಡು ಸಲ ಸೋಪು ಹಚ್ಚಿ ಕೈ ತೊಳೆದ. ಒರೆಸಿಕೊಂಡ. ಆಮೇಲೆ ಹೆಬ್ಬೆರಳನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿಕೊಂಡ.

ಅಂದು ನಾಲ್ಕಕ್ಕೆ ಹೊರಟ ಯಜಮಾನ ಮೂಲೆಯವರೆಗೆ ಹೋಗಿ, ಅಂಟಿನ ಒಲೆ ಆರಿಸಿದ್ದಾರೋ ಇಲ್ಲವೋ ಎಂದು ತಿರುಗಿ ಬಂದ. ಮತ್ತೆ ಹೋಗಿ, ಮತ್ತೆ ಬಂದ. ಮೂರನೇ ಸಲ ಮೇಡಂ ಬಾಗಿಲಲ್ಲೇ ಕೈಗಡಿಯಾರ ಹಿಡಿದು ನಿಂತಿದ್ದರು. "ಆರು ನಿಮಿಷ ತಡ," ಎಂದರು. ಅವನು ಶಾಲೆ ಬಿಟ್ಟ ಹುಡುಗನ ಹಾಗೆ ಓಡಿದ.

ಬಾಗಿಲು ತೆರೆದ ಹೆಂಡತಿ ಅವನ ಹಣೆ ಮುಟ್ಟಿ ನೋಡಿದಳು. "ಏನಾಯ್ತು ರೀ? ಮೈ ಹುಷಾರಿಲ್ವಾ?"

"ಕಳಿಸಿಬಿಟ್ರು."

"ಯಾರು?"

"ನೀನು ಗೊತ್ತು ಮಾಡಿದೆಯಲ್ಲ, ಅವರೇ."

ಹನ್ನೆರಡು ವರ್ಷದ ಮಗಳು ಪುಸ್ತಕದಿಂದ ತಲೆಯೆತ್ತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅಮ್ಮಾ, ಅಪ್ಪಂಗೆ ಇಷ್ಟೊಂದು ಬಿಳಿ ಕೂದಲಿದೆ! ಹಗಲು ಹೊತ್ತು ಗೊತ್ತಾಗುತ್ತೆ." ಮೂವರೂ ನಕ್ಕರು. ಎಷ್ಟು ನಕ್ಕರೆಂದರೆ ಒಲೆಯ ಮೇಲಿದ್ದ ಹಾಲು ಉಕ್ಕಿಹೋಯಿತು.

ಗ್ರಂಥಾಲಯದ ನಲವತ್ತು ಏಣಿಗಳು ಗಡುವಿಗೆ ಒಂದು ದಿನ ಮುಂಚೆಯೇ ಲಾರಿ ಹತ್ತಿದವು. ಪ್ರತಿಯೊಂದರ ಕೊನೆಯ ಮೆಟ್ಟಿಲಿನ ಅಡಿಯಲ್ಲೂ ಅಗಲವಾದ ಕೆಂಪು ಹೆಬ್ಬೆರಳ ಗುರುತಿತ್ತು. ಕೆಲಸ ಯಾರದೂ ಹೋಗಲಿಲ್ಲ.

ಲಾರಿ ಹೊರಟ ದಿನ ಸಂಜೆ ಅವನು ಹೆಂಡತಿಯ ಹಿಂದೆ ತಾರಸಿಗೆ ಹೋದ. ಅವಳು ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದಳು. ಅವನು ಕ್ಲಿಪ್ಪುಗಳ ಬುಟ್ಟಿ ಹಿಡಿದು ನಿಂತ. ಚೀಟಿಯಲ್ಲಿ ಎರಡು ಸಾಲು ಬರೆಯುತ್ತಿದ್ದವಳು ಈಗ ನಲ್ಲಿಯ ಕಥೆಯನ್ನು ಮೊದಲಿನಿಂದ ಹೇಳುತ್ತಿದ್ದಳು, ನಡುವೆ ಕೊಳಾಯಿಯವನ ಹಾಗೆ ಮೂಗು ಹಿಡಿದು ಮಾತಾಡಿ ತೋರಿಸುತ್ತಿದ್ದಳು. ಬಿಸಿಲು ಓರೆಯಾಗಿ ಬಿದ್ದಿತ್ತು. ಹತ್ತಿರದಿಂದ ನೋಡಿದರೆ ಅವಳ ಮುಂಗುರುಳಿನಲ್ಲೂ ನಾಲ್ಕಾರು ಬಿಳಿ ಎಳೆಗಳಿದ್ದವು. ಅಷ್ಟು ದೂರದಿಂದ ಅವು ಅವನಿಗೆ ಕಂಡಿರಲೇ ಇಲ್ಲ.

ಮನೆಗಳ ಸಾಲಿನಾಚೆ ಶೆಡ್ಡಿನ ಗೋಡೆಯಲ್ಲಿ ಪುಟ್ಟ ಚೌಕದ ಬೆಳಕಿಂಡಿ ಕಾಣುತ್ತಿತ್ತು. ಅದರೊಳಗೆ ಒಂದು ಮುಖ ಮೂಡಿ, ಗಕ್ಕನೆ ನಿಂತು, ಕೆಂಪಾದ ಹೆಬ್ಬೆರಳನ್ನು ಎತ್ತಿ ತೋರಿಸಿತು.

"ಅದು ನಿಮ್ಮ ಗೊಣಗಪ್ಪ ಅಲ್ವಾ?" ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ಅಲ್ಲಿಂದ ನಮ್ಮ ತಾರಸಿ ಕಾಣುತ್ತಾ?"

"ಕಾಣುತ್ತಿರಬೇಕು," ಎಂದು ಅವನು ಕ್ಲಿಪ್ಪಿನ ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಾಯಿಸಿದ.

ಇಪ್ಪತ್ತೆರಡು ವರ್ಷ, ಪ್ರತಿ ಸಂಜೆ ನಾಲ್ಕೂವರೆಗೆ, ಅವಳು ಬಟ್ಟೆ ತೆಗೆಯುವುದನ್ನು ನೋಡಲೆಂದೇ ತಾನು ಏಣಿ ಹತ್ತುತ್ತಿದ್ದೆನೆಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.